ಗೆದ್ದವನು ಹೋದ, ನಾನು ಉಳಿದೆ

ಕೋಚ್ ಆಗಬೇಕೆಂದು ಹೊರಟ ಹುಡುಗರು ಈಗಲೂ ಆಗಾಗ ನನ್ನನ್ನು ಕಾಣಲು ಬರುತ್ತಾರೆ. ಬಂದವರು ಮೊದಲು ಕೇಳುವುದು ಆಟದ ವಿಚಾರವನ್ನಲ್ಲ. "ಸಾರ್, ಈ ಲೈನ್‌ನಲ್ಲಿ ಎಷ್ಟು ವರ್ಷ ಉಳೀಬಹುದು?" ಎನ್ನುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಬಾಡಿಗೆ, ರೇಷನ್ನು, ಮಕ್ಕಳ ಫೀಸು ಎಲ್ಲವೂ ಅದರ ಮೇಲೇ ನಿಂತಿರುತ್ತದೆ. ನಾನು ಒಂದೇ ಕಾರ್ಖಾನೆಯಲ್ಲಿ ಕೂದಲು ಕಪ್ಪಗಿದ್ದಾಗ ಸೇರಿ, ಬೆಳ್ಳಗಾದ ಮೇಲೆ ಹೊರಗೆ ಬಂದವನು. ಆದ್ದರಿಂದ ಉತ್ತರ ನನಗೆ ಗೊತ್ತಿರುತ್ತದೆ ಎಂದು ಅವರ ಲೆಕ್ಕ. ಗೊತ್ತಿದೆ, ಇಲ್ಲವೆನ್ನುವುದಿಲ್ಲ. ಆದರೆ ಅದನ್ನು ಹೇಳಬೇಕಾದರೆ ಮುನಿರಾಜುವಿನ ಸುದ್ದಿ ಎತ್ತಬೇಕಾಗುತ್ತದೆ. ಎತ್ತಿದರೆ ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ.

ಮುನಿರಾಜುವನ್ನು "ಅವನು" ಎಂದು ಬರೆಯುತ್ತೇನೆ, ಕ್ಷಮಿಸಿ. ಎದುರಿಗೆ ಸಿಕ್ಕಾಗ ಯಾವತ್ತೂ "ನೀವು" ಎಂದೇ ಮಾತಾಡಿಸಿದವನು ನಾನು. ಮನಸ್ಸಿನಲ್ಲಿ ಮಾತ್ರ ಮೊದಲ ದಿನದಿಂದಲೂ ಏಕವಚನ. ವಯಸ್ಸಾದ ಮೇಲೆ ತಿದ್ದಿಕೊಳ್ಳೋಣವೆಂದರೆ ಬರುತ್ತಿಲ್ಲ, ಹಾಗೇ ಇರಲಿ.

ನಮ್ಮ ಆಟ ಬಾಲ್ ಬ್ಯಾಡ್ಮಿಂಟನ್. ಈಗಿನವರಿಗೆ ಹೇಳಿದರೆ ಷಟಲ್ ಎಂದುಕೊಳ್ಳುತ್ತಾರೆ. ಅದು ಬೇರೆ. ಇದರಲ್ಲಿ ಹಳದಿ ಉಣ್ಣೆಯ ಚೆಂಡು, ಬಯಲಿನಲ್ಲಿ ಮಣ್ಣಿನ ಕೋರ್ಟು, ಒಂದೊಂದು ಕಡೆಗೆ ಐದೈದು ಜನ. ಚೆಂಡು ನೆಲ ಮುಟ್ಟುವ ಹಾಗಿಲ್ಲ. ಗಾಳಿ ಬೀಸಿದರೆ ಆಟದ ಜಾತಕವೇ ಬದಲಾಗುತ್ತದೆ. ಎಪ್ಪತ್ತರ ದಶಕದಲ್ಲಿ ರಾಜಾಜಿನಗರದಿಂದ ಕೆಂಗೇರಿಯವರೆಗೆ ಯಾವ ಖಾಲಿ ಸೈಟು ನೋಡಿದರೂ ಸಂಜೆ ಎರಡು ಗೂಟ, ಒಂದು ನೆಟ್ಟು ಕಾಣುತ್ತಿತ್ತು. ಖಾಲಿ ಸೈಟುಗಳೂ ಆಗ ಬೇಕಾದಷ್ಟಿದ್ದವು.

ನಾನು ಚಿತ್ರದುರ್ಗದ ಕಡೆಯವನು. ಹೈಸ್ಕೂಲೊಂದರಲ್ಲಿ ಡ್ರಿಲ್ ಮೇಷ್ಟರಾಗಿದ್ದೆ. ಆ ಕಾಲದಲ್ಲಿ ಮದುವೆಗೆ ವಾಲಗ ಬೇಕಾದ ಹಾಗೆ ಪ್ರತಿ ಕಾರ್ಖಾನೆಗೂ ಒಂದು ಟೀಮು ಬೇಕಾಗಿತ್ತು. ರಾಜಾಜಿನಗರದಲ್ಲಿ ನೀರೆತ್ತುವ ಪಂಪು ಮಾಡುತ್ತಿದ್ದ ಕಾರ್ಖಾನೆಯೊಂದರವರು ಕರೆದರು, ಬಂದೆ. ಬೆಳಿಗ್ಗೆ ನೌಕರರ ಕಡತ ನೋಡುವ ಪರ್ಸನಲ್ ಡಿಪಾರ್ಟ್‌ಮೆಂಟಿನಲ್ಲಿ ಗುಮಾಸ್ತಿಕೆ, ಮಧ್ಯಾಹ್ನದ ಮೇಲೆ ಕೋರ್ಟು. ಕೆಲಸ ಕಾಯಂ ಅಲ್ಲ. ವರ್ಷ ಮುಗಿಯುತ್ತಿದ್ದಂತೆ ಮೇಲಿನವರು ಮನಸ್ಸು ಮಾಡಿದರೆ ಇನ್ನೊಂದು ವರ್ಷ. ಮನಸ್ಸು ಮಾಡದಿದ್ದರೆ ಮನೆಗೆ.

ಕೋಚ್ ಎಂದರೆ ಕತ್ತಿಗೆ ಸೀಟಿ ಹಾಕಿಕೊಂಡು ಕೂಗುವವನು ಎಂದು ಹೊಸಬರಿಗೆ ಕಲ್ಪನೆಯಿರುತ್ತದೆ. ನನ್ನ ಕೆಲಸ ಶುರುವಾಗುತ್ತಿದ್ದದ್ದು ಕೋರ್ಟಿಗೆ ನೀರು ಹಾಕಿಸಿ, ರೋಲರ್ ಎಳೆಸಿ, ಸುಣ್ಣದ ಗೆರೆ ಬಿಡಿಸುವುದರಿಂದ. ಅದು ಸುಲಭದ ಭಾಗ. ಕಷ್ಟದ ಭಾಗವೆಂದರೆ ಫೋರ್‌ಮನ್‌ಗಳು. ಆಟಗಾರರೆಲ್ಲ ಯಾವುದಾದರೂ ಮೆಷೀನಿನ ಮುಂದೆ ನಿಲ್ಲುವವರೇ. ಸೈರನ್ನಿಗೆ ಮುಂಚೆ ಅವರನ್ನು ಬಿಡಿಸಿಕೊಂಡು ಬರಬೇಕು. "ನೀವು ಹುಡುಗ್ರನ್ನ ಕರ್ಕೊಂಡ್ ಹೋಗ್ತೀರಾ ಸರಿ, ಇಲ್ಲಿ ಲೇತು ನಮ್ಮಜ್ಜಿ ಬಂದು ಓಡಿಸ್ತಾಳಾ?" ಎಂದು ಒಬ್ಬ ಫೋರ್‌ಮನ್ ದಿನಾ ಕೇಳುತ್ತಿದ್ದ. ದಿನಾ ನಗುತ್ತಿದ್ದೆ, ದಿನಾ ಕಾಫಿ ಕುಡಿಸುತ್ತಿದ್ದೆ. ಆಟಗಾರರೆಂಬ ಎತ್ತು ಏರಿಗೆಳೆದರೆ ಫೋರ್‌ಮನ್ ಎಂಬ ಕೋಣ ನೀರಿಗೆಳೆಯುತ್ತದೆ. ನಡುವೆ ನೊಗ ಕೋಚಿನ ಹೆಗಲ ಮೇಲೆ. ಇದನ್ನು ಯಾವ ಕೋಚಿಂಗ್ ಶಾಲೆಯಲ್ಲೂ ಹೇಳಿಕೊಡುವುದಿಲ್ಲ.

ನಮ್ಮ ಮೇಲಧಿಕಾರಿ ಕೃಷ್ಣಮೂರ್ತಿಯವರು, ಪರ್ಸನಲ್ ಆಫೀಸರ್. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಪೈಕಿ. ಗದರಿಸಿ ಗೊತ್ತಿಲ್ಲ, ಹೊಗಳಿಯೂ ಗೊತ್ತಿಲ್ಲ. ಮಾತು ಮುಗಿದ ಮೇಲೆ "ನಾನು ಏನೂ ಹೇಳಿಲ್ಲ ಅಂತ ಇಟ್ಕೊಳಿ" ಎಂದು ಸೇರಿಸುತ್ತಿದ್ದರು. ಅವರ ಕೈಕೆಳಗೆ ಕೆಲಸ ಮಾಡುವುದೆಂದರೆ ಮೋಡ ನೋಡಿ ಮಳೆ ಹೇಳುವ ಹಾಗೆ.

ಮುನಿರಾಜುವನ್ನು ಮೊದಲು ನೋಡಿದ್ದು ನಾನು ಸೇರಿದ ಹೊಸತರಲ್ಲಿ. ಮಾಗಡಿ ರಸ್ತೆಯ ಮಿಲ್ಲೊಂದರ ಟೀಮು ನಮ್ಮ ವಿರುದ್ಧ ಆಡಲು ಬಂದಿತ್ತು. ಆಟಗಾರರೆಲ್ಲ ಬಸ್ಸಿನಲ್ಲಿ ಬಂದರು, ಕೋಚು ಮೋಟರ್ ಬೈಕಿನಲ್ಲಿ ಬಂದ. ಬಿಳಿ ಪ್ಯಾಂಟು, ಕಪ್ಪು ಕನ್ನಡಕ, ಬಾಯಲ್ಲಿ ಸಿಗರೇಟು. ನಾನು ಕೋರ್ಟಿನ ಸುತ್ತ ಓಡಾಡಿ ಕೂಗಿ ಕೂಗಿ ಗಂಟಲು ಕೆಡಿಸಿಕೊಂಡೆ. ಅವನು ಬೈಕಿನ ಸೀಟಿನ ಮೇಲೆ ಕೈಕಟ್ಟಿ ಕೂತಿದ್ದ. ಒಂದೇ ಒಂದು ಸಲ ಒಬ್ಬ ಹುಡುಗನನ್ನು ಕರೆದು ಕಿವಿಯಲ್ಲಿ ಏನೋ ಹೇಳಿದ. ನಾವು ಸೋತೆವು. ಸಾಮಾನ್ಯ ಸೋಲಲ್ಲ, ಮಂಗಳಾರತಿ.

ಆಟ ಮುಗಿದ ಮೇಲೆ ಬಂದು ಕೈಕುಲುಕಿದ. "ನಿಮ್ಮ ಕೋರ್ಟು ಬಹಳ ಚೆನ್ನಾಗಿ ಮಡಗಿದೀರಾ ಸಾರ್" ಎಂದ. ಟೀಮಿನ ಬಗ್ಗೆ ಒಂದು ಮಾತಿಲ್ಲ, ಕೋರ್ಟು ಚೆನ್ನಾಗಿದೆಯಂತೆ. ಊಟಕ್ಕೆ ಕರೆದವರ ಮನೆಯಲ್ಲಿ ಎಲೆ ಚೆನ್ನಾಗಿತ್ತು ಎಂದ ಹಾಗಾಯಿತು. ಆ ರಾತ್ರಿ ನನಗೆ ಅನ್ನ ಸೇರಲಿಲ್ಲ.

ಇನ್ನೂ ಒಂದು ವಿಷಯ ನನ್ನನ್ನು ಕುಟುಕುತ್ತಿತ್ತು. ಸ್ಕೂಲಿನಲ್ಲಿ ನಿಜವಾಗಿ ಪಾಠ ಮಾಡಿ ಬಂದವನು ನಾನು. ಅವನು ಯಾವ ಸ್ಕೂಲಿನಲ್ಲೂ ಸೀಮೆಸುಣ್ಣ ಹಿಡಿದವನಲ್ಲ. ಆದರೂ ನನ್ನ ಹುಡುಗರು ನನ್ನನ್ನು ಕರೆಯುತ್ತಿದ್ದದ್ದು "ಸಾರ್" ಎಂದು, ಗುಮಾಸ್ತರನ್ನೆಲ್ಲ ಕರೆಯುವ ಹಾಗೆ. ಅವನನ್ನು ಮಾತ್ರ ಊರಿಗೆ ಊರೇ "ಮೇಷ್ಟ್ರು" ಎನ್ನುತ್ತಿತ್ತು. ನನ್ನ ಟೀಮಿನವರೂ ಹಾಗೇ ಕರೆಯುತ್ತಿದ್ದರು, ನನ್ನ ಎದುರಿಗೇ.

ಆ ವರ್ಷ ಕಾರ್ಖಾನೆಗಳ ಪಂದ್ಯಾವಳಿಯ ಕಪ್ಪು ಮಿಲ್ಲಿನವರಿಗೆ ಬಂತು. ಮುಂದಿನ ವರ್ಷವೂ ಬಂತು. ಆಮೇಲೆ ಅವನನ್ನು ತೆಗೆದರು. ಕಾರಣ ಇಷ್ಟೇ. ಅಲ್ಲಿನ ಮ್ಯಾನೇಜರಿಗೆ ತನ್ನ ಅಕ್ಕನ ಮಗನನ್ನು ಟೀಮಿಗೆ ತರುವ ಆಸೆ. ಹುಡುಗನ ಆಟ ನೋಡಿದ ಮುನಿರಾಜು ಎಲ್ಲರ ಎದುರಿಗೆ, "ಸ್ಕೋರ್ ಬೋರ್ಡ್ ಹತ್ರ ನಿಲ್ಲಿಸ್ತೀನಿ ಸಾರ್, ಅಲ್ಲಿ ಗಾಳಿ ಚೆನ್ನಾಗಿದೆ" ಎಂದುಬಿಟ್ಟನಂತೆ. ವರ್ಷದ ಕೊನೆಗೆ ಅವನಿಗೆ ಇನ್ನೊಂದು ವರ್ಷ ಸಿಗಲಿಲ್ಲ.

ಸುದ್ದಿ ಕೇಳಿ ನನಗೆ ಹಬ್ಬವಾಗಬೇಕಿತ್ತು. ಭಾಷ್ಯಂ ವೃತ್ತದ ಹತ್ತಿರ ಕಾಫಿ ಕುಡಿಯುತ್ತ ನಿಂತಾಗ ಯಾರೋ ಹೇಳಿದರು. ಎರಡು ಗುಟುಕಿನಷ್ಟು ಹೊತ್ತು ಸಂತೋಷವೂ ಆಯಿತು. ಆಮೇಲೆ ಅದೇ ಮನುಷ್ಯ ಮುಂದುವರಿಸಿದ: ಮುನಿರಾಜುವನ್ನು ಕೆಂಗೇರಿ ಕಡೆಯ ಇನ್ನೊಂದು ಕಾರ್ಖಾನೆಯವರು ಕರೆದಿದ್ದಾರೆ, ಮಿಲ್ಲಿನಲ್ಲಿ ಕಾಯಂ ಆಗಿದ್ದ ಆಟಗಾರನೊಬ್ಬ ಆ ಕೆಲಸ ಬಿಟ್ಟು ಅವನ ಹಿಂದೆಯೇ ಹೊರಟಿದ್ದಾನೆ. ಕಾಯಂ ಕೆಲಸವನ್ನು. ನನಗೆ ಕಾಫಿ ಕಹಿಯಾಯಿತು. ನನ್ನನ್ನು ತೆಗೆದರೆ ನನ್ನ ಹಿಂದೆ ಬರುವವರು ಯಾರು ಎಂದು ಯೋಚಿಸಿದೆ. ನನ್ನ ಸೈಕಲ್ಲು ಬರುತ್ತಿತ್ತು, ಅದನ್ನೂ ನಾನೇ ತಳ್ಳಬೇಕು.

ಮನೆಗೆ ಬಂದು ಹೆಂಡತಿ ಗಿರಿಜಾಗೆ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು.

"ಅವರಿಗೆ ಕೆಲಸ ಹೋಗಿದೆ, ನಿಮಗೆ ಇದೆ. ಉರ್ಕೋಬೇಕಾದವರು ಅವರು ಕಣ್ರೀ. ನೀವ್ಯಾಕೆ ಉರ್ಕೋತೀರಾ?"

"ಅವನಿಗೇನು, ಮೂಡಲಪಾಳ್ಯದಲ್ಲಿ ಹೊಲ ಇದೆ. ಲೇಔಟ್ ಮಾಡೋರು ಬಂದು ಬಂದು ಕೇಳ್ತಾ ಇದಾರೆ. ಕೆಲಸ ಹೋದ್ರೆ ಒಂದು ಸೈಟು ಮಾರ್ತಾನೆ."

"ಹಾಗಾದ್ರೆ ನಿಮ್ಮ ಹೊಟ್ಟೆಕಿಚ್ಚು ಹೊಲದ ಮೇಲೋ, ಆಟದ ಮೇಲೋ? ಒಂದು ತೀರ್ಮಾನ ಮಾಡ್ಕೊಳಿ."

ಎರಡರ ಮೇಲೂ ಎಂದುಕೊಂಡು ಅವಳ ಜೊತೆ ಸೊಪ್ಪು ಬಿಡಿಸಲು ಕೂತೆ.

ಈ ಹೊಟ್ಟೆಕಿಚ್ಚಿನಿಂದ ಆದ ಒಂದು ಅನಾಹುತವನ್ನು ಹೊಸಬರ ಅನುಕೂಲಕ್ಕಾಗಿ ಹೇಳುತ್ತೇನೆ. ಕೆಂಗೇರಿಯಲ್ಲಿ ಮುನಿರಾಜು ಬೆಳಿಗ್ಗೆ ಬೇಗ ಅಭ್ಯಾಸ ಮಾಡಿಸುತ್ತಾನೆ, ಇಬ್ಬನಿಯಲ್ಲಿ ನೆನೆದ ಚೆಂಡಿನಲ್ಲಿ ಆಡಿಸುತ್ತಾನೆ ಎಂದು ಯಾರೋ ಹೇಳಿದರು. ಒದ್ದೆ ಉಣ್ಣೆ ಭಾರ. ಭಾರದ ಚೆಂಡಿಗೆ ಹೊಂದಿಕೊಂಡ ಕೈಗೆ ಸಂಜೆಯ ಒಣ ಚೆಂಡು ಹೂವಿನ ಹಾಗೆ. ಕೇಳಿದ ಕೂಡಲೇ ನಾನೂ ಶುರುಮಾಡಿದೆ. ನಮ್ಮ ಹುಡುಗರಿಗೆ ಬೆಳಿಗ್ಗೆ ಬಿಡುವು ಸಿಗುತ್ತಿರಲಿಲ್ಲವಾದ್ದರಿಂದ ಸಂಜೆ ಚೆಂಡುಗಳನ್ನು ಬಕೆಟ್ಟಿನಲ್ಲಿ ಅದ್ದಿ ತೆಗೆದು ಆಡಿಸಿದೆ. ವಾರ ಕಳೆಯುವುದರೊಳಗೆ ಮೂರು ಜನರಿಗೆ ಭುಜ ಹಿಡಿದುಕೊಂಡಿತು, ಬ್ಯಾಟಿಗೆ ಹೆಣೆದ ಗಟ್ಟಿನ ದಾರಗಳೆಲ್ಲ ಜೋತುಬಿದ್ದವು. ಭುಜ ಹಿಡಿದವರು ಲೇತೂ ಓಡಿಸಲಾಗದೆ ರಜೆ ಹಾಕಿದರು. ಅಜ್ಜಿಯ ಫೋರ್‌ಮನ್ ಕೃಷ್ಣಮೂರ್ತಿಯವರ ರೂಮಿಗೇ ಹೋದ. ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡ ಹಾಗಾಯಿತು. ಆಮೇಲೆ ತಿಳಿಯಿತು, ಮುನಿರಾಜು ಒದ್ದೆ ಚೆಂಡಿನಲ್ಲಿ ಆಡಿಸುತ್ತಿದ್ದದ್ದು ಯಾವ ಉಪಾಯದಿಂದಲೂ ಅಲ್ಲ. ಅಲ್ಲಿನ ಸ್ಟೋರಿನವರು ಹೊಸ ಚೆಂಡು ಕೊಡುತ್ತಿರಲಿಲ್ಲ, ಹಿಂದಿನ ಸಂಜೆ ಹೊರಗೆ ಉಳಿದದ್ದನ್ನೇ ಎತ್ತಿಕೊಂಡು ಆಡುತ್ತಿದ್ದರು. ಇನ್ನೊಬ್ಬರ ಪದ್ಧತಿಯನ್ನು ಎರವಲು ತರುವ ಮುಂಚೆ ಅವರಿಗೆ ಅದು ಯಾಕೆ ಬಂತು ಎಂದು ವಿಚಾರಿಸಿ.

ಕೆಂಗೇರಿಯಲ್ಲೂ ಅವನು ಗೆದ್ದ, ಕೆಂಗೇರಿಯಲ್ಲೂ ಅವನನ್ನು ತೆಗೆದರು. ಈ ಸಲ ಜಗಳವೂ ಇಲ್ಲ. ಕಪ್ಪು ಬಂದ ಮೇಲೆ ಸಾಹೇಬರು, "ಬಂತಲ್ಲ, ಇನ್ನೇನು?" ಎಂದರಂತೆ. ಕಪ್ಪನ್ನು ಗಾಜಿನ ಬೀರುವಿನಲ್ಲಿಟ್ಟರು, ಟೀಮಿನ ಖರ್ಚು ನಿಲ್ಲಿಸಿದರು.

ಆಗ ನನಗೆ ಈ ಕೆಲಸದ ಗುಟ್ಟು ಹೊಳೆಯಿತು. ನಮ್ಮ ಟೀಮು ಪ್ರತಿ ವರ್ಷವೂ ಸೆಮಿಫೈನಲ್ಲೋ ಫೈನಲ್ಲೋ ತಲುಪಿ ಸೋಲುತ್ತಿತ್ತು. ಪ್ರತಿ ವರ್ಷ ಕೃಷ್ಣಮೂರ್ತಿಯವರು ಕರೆದು, "ಮುಂದಿನ ವರ್ಷ ನೋಡೋಣ" ಎನ್ನುತ್ತಿದ್ದರು. ಆ ಮುಂದಿನ ವರ್ಷವೇ ನನ್ನ ಅನ್ನ. ಗೆದ್ದವನ ಹತ್ತಿರ ಮುಂದಿನ ವರ್ಷಕ್ಕೆ ಏನೂ ಬಾಕಿ ಇರುವುದಿಲ್ಲ. ಪೂರ್ತಿ ಸೋತವನನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಗೆಲುವಿಗೆ ಸ್ವಲ್ಪ ಕಡಿಮೆ ಇರುವವನು ಮಾತ್ರ ಉಳಿಯುತ್ತಾನೆ, ಬೇಳೆ ಇನ್ನೂ ಬೇಯಬೇಕು ಎಂದು ಒಲೆಯ ಮೇಲೇ ಬಿಟ್ಟ ಪಾತ್ರೆಯ ಹಾಗೆ. ಬೇಕೆಂದೇ ಸೋಲಿಸುತ್ತಿದ್ದೆನೆಂದು ಯಾರೂ ತಿಳಿಯಬಾರದು. ಗೆಲ್ಲಬೇಕೆಂದು ಪ್ರಾಣ ಬಿಡುತ್ತಿದ್ದೆ. ಆಗುತ್ತಿರಲಿಲ್ಲ, ಅಷ್ಟೆ.

ಗುಟ್ಟು ತಿಳಿದ ಮೇಲಾದರೂ ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ಕೆಲಸ ಉಳಿದವನು ನಾನು, ಹೆಸರು ಉಳಿದವನು ಅವನು. ಎಲ್ಲಿ ಹೋದರೂ ಅವನನ್ನು ತೆಗೆದ ಕಥೆಗಳೇ. ಹೋಟೆಲಿನವನು ಅವನಿಂದ ದೋಸೆಗೆ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲವಂತೆ. ಕೆಲಸ ಕಳೆದುಕೊಳ್ಳುವುದನ್ನೂ ಅವನು ಒಡವೆಯ ಹಾಗೆ ತೊಟ್ಟುಕೊಂಡು ತಿರುಗುತ್ತಿದ್ದ. ನನ್ನನ್ನು ತೆಗೆದಿದ್ದರೆ ಅದು ಬರೀ ಕೆಲಸ ಹೋದದ್ದಾಗುತ್ತಿತ್ತು.

ಅಷ್ಟು ಹೊತ್ತಿಗೆ ನಮ್ಮ ಟೀಮಿಗೆ ಲೋಕೇಶ ಬಂದ. ಬ್ಯಾಡರಹಳ್ಳಿಯ ಹುಡುಗ, ಡ್ರಿಲ್ಲಿಂಗ್ ಮೆಷೀನಿನಲ್ಲಿ ಕೆಲಸ. ಕೋರ್ಟಿನ ನಡುವೆ ನಿಂತು ಆಡುವ ಸೆಂಟರ್ ಆಟಗಾರ. ಅವನ ಕೈಯಲ್ಲಿದ್ದ ಬೀಸು ನಾನು ಇನ್ಯಾರಲ್ಲೂ ನೋಡಲಿಲ್ಲ. ಒಂದೇ ದೋಷ, ಹಿಂದಕ್ಕೆ ಸರಿದು ನಿಲ್ಲುತ್ತಿದ್ದ. ಹಿಂದಿನಿಂದ ಬೀಸಿ ಹೊಡೆದರೆ ಜನ ಚಪ್ಪಾಳೆ ಹೊಡೆಯುತ್ತಾರಲ್ಲ, ಆ ರುಚಿ. ನಮ್ಮ ಬೆನ್ನ ಹಿಂದಿನಿಂದ ಗಾಳಿ ಬೀಸುವಾಗ ಎದುರಾಳಿ ಹೊಡೆದ ಉಣ್ಣೆ ಚೆಂಡು ಹಿಂದಿನವರೆಗೆ ಬರುವುದೇ ಇಲ್ಲ, ನಡುವೆ ಕುಸಿದು ಬೀಳುತ್ತದೆ. ಅವನು ಓಡಿ ಬರುವುದರೊಳಗೆ ಪಾಯಿಂಟು ಹೋಗಿರುತ್ತದೆ. "ಲೋಕೇಶಾ, ಮುಂದೆ ನಿಲ್ಲೋ" ಎಂದು ಹೇಳಿದೆ. ಬೈದು ಹೇಳಿದೆ, ಬೇಡಿ ಹೇಳಿದೆ. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು.

ತುರ್ತು ಪರಿಸ್ಥಿತಿಯ ಕಾಲ ಬಂತು. ಗೋಡೆ ಗೋಡೆಯ ಮೇಲೂ ಶಿಸ್ತು, ದುಡಿಮೆ ಎಂದು ಬರೆದಿರುತ್ತಿತ್ತು. ಸೈರನ್ನಿಗೆ ಮುಂಚೆ ಆಟಗಾರರನ್ನು ಬಿಡಿಸಿಕೊಳ್ಳುವುದು ಕಳ್ಳತನದ ಹಾಗಾಯಿತು. ನಾನು ಬಾಲ ಮುದುರಿಕೊಂಡೆ, ಸೈರನ್ ಆದ ಮೇಲೆ ಬೆಳಕು ಇದ್ದಷ್ಟು ಹೊತ್ತು ಆಡಿಸಿದೆ. ಮುನಿರಾಜು ಆಗ ವಿಜಯನಗರದ ಹತ್ತಿರದ ಒಂದು ಕಾರ್ಖಾನೆಯಲ್ಲಿದ್ದ. ಅವನು ಮಾತ್ರ ಎಂದಿನಂತೆ ಬೈಕು ನಿಲ್ಲಿಸಿ, ಶೆಡ್ಡಿನೊಳಗೆ ಹೋಗಿ, "ಬನ್ರೋ" ಎಂದು ಹುಡುಗರನ್ನು ಕರೆದುಕೊಂಡು ಹೊರಡುತ್ತಿದ್ದನಂತೆ. ಆ ಸಲದ ಫೈನಲ್ಲಿಗೆ ಅವನ ಟೀಮೂ ನಮ್ಮ ಟೀಮೂ ಬಂದವು. ಫೈನಲ್ಲಿಗೆ ಕೆಲವೇ ದಿನ ಇದ್ದಾಗ ಅಲ್ಲಿಗೆ ಬಂದಿದ್ದ ಹೊಸ ಮ್ಯಾನೇಜರ್ ಅವನನ್ನು ಶಿಸ್ತಿನ ಹೆಸರಿನಲ್ಲಿ ನಿಂತ ಕಾಲಿನಲ್ಲಿ ಕಳಿಸಿಬಿಟ್ಟರು.

ಮರುದಿನ ಕೃಷ್ಣಮೂರ್ತಿಯವರು ನನ್ನನ್ನು ಕರೆದರು. ಕೂತುಕೊಳ್ಳಿ ಎಂದರು. ಅವರು ಕೂತುಕೊಳ್ಳಿ ಎಂದರೆ ಏನೋ ಕಾದಿದೆ ಎಂದೇ ಅರ್ಥ.

"ರುದ್ರಪ್ಪನೋರೇ, ಮುನಿರಾಜು ಈಗ ಖಾಲಿ ಇದಾರೆ."

"ಕೇಳ್ದೆ ಸಾರ್."

"ಈ ಸಲಾನೂ ನಮಗೆ ಕಪ್ ಬರ್ಲಿಲ್ಲ ಅಂದ್ರೆ ಅವರನ್ನ ನಮ್ಮಲ್ಲಿಗೆ ತರೋಣ ಅಂತ ಮೇಲಿನವರ ಯೋಚನೆ. ಇಬ್ಬರು ಕೋಚ್ ಇಟ್ಕೊಳಕ್ಕಾಗಲ್ಲ, ನಿಮಗೆ ಗೊತ್ತಲ್ಲ."

"ಹಾಗಾದ್ರೆ ನಾನು?"

"ಗೆದ್ದುಬಿಡಿ, ಈ ಮಾತೇ ಬೇಡ. ನಾನು ಏನೂ ಹೇಳಿಲ್ಲ ಅಂತ ಇಟ್ಕೊಳಿ."

ಹೊರಗೆ ಬಂದು ಸೈಕಲ್ ಸ್ಟ್ಯಾಂಡಿನ ಹತ್ತಿರ ಬಹಳ ಹೊತ್ತು ನಿಂತಿದ್ದೆ. ಆ ವರ್ಷವಷ್ಟೇ ಮಗಳನ್ನು ಸ್ಕೂಲಿಗೆ ಸೇರಿಸಿದ್ದೆವು. ಬಿಟ್ಟು ಬಂದ ಸ್ಕೂಲಿನಲ್ಲಿ ನನ್ನ ಜಾಗಕ್ಕೆ ಬೇರೆ ಡ್ರಿಲ್ ಮೇಷ್ಟರು ಬಂದು ಎಷ್ಟೋ ಕಾಲವಾಗಿತ್ತು. ಸೋತರೆ ನನ್ನ ಕೆಲಸ ಹೋಗುತ್ತದೆ, ಅದೂ ಬೇರೆ ಯಾರಿಗೂ ಅಲ್ಲ, ಮುನಿರಾಜುವಿಗೆ. ಗೆದ್ದರೆ, ಗೆದ್ದವನಿಗೆ ಮುಂದಿನ ವರ್ಷ ಇಲ್ಲವೆಂಬ ನನ್ನದೇ ಸಿದ್ಧಾಂತ. ಅತ್ತ ದರಿ, ಇತ್ತ ಪುಲಿ. ಪುಲಿಯೇ ತಿನ್ನಲಿ ಎಂದು ತೀರ್ಮಾನಿಸಿದೆ. ತೆಗೆದರೆ ಗೆದ್ದವನೆಂದು ತೆಗೆಯಲಿ, ಅವನ ಹಾಗೆ ನನಗೂ ಒಂದು ಕಥೆಯಾದರೂ ಉಳಿಯುತ್ತದೆ.

ಫೈನಲ್ ನಡೆದದ್ದು ವಿಜಯನಗರದ ಒಂದು ಬಯಲಿನಲ್ಲಿ. ಆಗ ಅಲ್ಲಿ ಅಕ್ಕಪಕ್ಕ ಮನೆಗಳಿರಲಿಲ್ಲ, ಪಡುವಣ ಗಾಳಿ ತಡೆಯಿಲ್ಲದೆ ಬೀಸುತ್ತಿತ್ತು. ಎದುರಾಳಿ ಟೀಮಿನ ಜೊತೆ ಕೋಚಿನ ಬದಲಿಗೆ ಹಾಜರಿ ನೋಡುವ ಟೈಮ್ ಆಫೀಸಿನವರು ಯಾರೋ ಬಂದಿದ್ದರು. ಆ ಹುಡುಗರ ಮುಖದಲ್ಲಿ ಕಳೆಯಿರಲಿಲ್ಲ. ಆದರೂ ಅವರು ಮುನಿರಾಜು ತಿದ್ದಿದ ಕೈಗಳು. ಮೊದಲ ಗೇಮು ಅವರಿಗೆ, ಎರಡನೆಯದು ಹೇಗೋ ಏದುಸಿರು ಬಿಟ್ಟುಕೊಂಡು ನಮಗೆ. ಮೂರನೆಯದರಲ್ಲಿ ಎಲ್ಲ ತೀರ್ಮಾನ, ಆ ಗೇಮಿಗೆ ನಾವು ನಿಲ್ಲಬೇಕಾದದ್ದು ಬೆನ್ನ ಹಿಂದಿನಿಂದ ಗಾಳಿ ಬೀಸುವ ಕಡೆ.

ನಡುವೆ ಸಿಕ್ಕ ಬಿಡುವಿನಲ್ಲಿ ಲೋಕೇಶನನ್ನು ಹಿಡಿದುಕೊಂಡೆ.

"ಮುಂದೆ ನಿಲ್ಲೋ. ಕೈ ಮುಗೀತೀನಿ. ಗಾಳಿಗೆ ಚೆಂಡು ಮುಂದೇನೇ ಬೀಳತ್ತೆ."

"ಹೂಂ ಸಾರ್" ಎಂದ. ಅವನ ಕಣ್ಣು ನನ್ನ ಮೇಲಿರಲಿಲ್ಲ.

ನೀರು ಕುಡಿದು ಬರುತ್ತೇನೆಂದು ಜನರ ಕಡೆಗೆ ಹೋದ. ಅವನು ಹೋದ ದಿಕ್ಕು ನೋಡಿದರೆ, ಅಲ್ಲಿ ಬೈಕಿನ ಸೀಟಿನ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಮುನಿರಾಜು ಕೂತಿದ್ದಾನೆ. ಲೋಕೇಶ ಅವನ ಹತ್ತಿರ ಹೋಗಿ ನಿಂತ. ಮುನಿರಾಜು ಸಿಗರೇಟು ತೆಗೆದು ಒಂದೇ ಒಂದು ಮಾತು ಹೇಳಿದ. ಲೋಕೇಶ ತಲೆಯಾಡಿಸಿದ. ನಾನು ಸೋತರೆ ನನ್ನ ಜಾಗಕ್ಕೆ ಬರುವವನು ಆ ಮನುಷ್ಯ. ಅವನು ನನ್ನ ಆಟಗಾರನ ಕಿವಿಯಲ್ಲಿ ಊದುತ್ತಿದ್ದಾನೆ. ಆಟ ಕೆಡಿಸಲು ಏನೋ ಹೇಳಿಕೊಟ್ಟ ಎಂದೇ ನಂಬಿದೆ. ಓಡಿ ಹೋಗಿ ಕೊರಳಪಟ್ಟಿ ಹಿಡಿಯಬೇಕೆನ್ನಿಸಿತು. ಅಷ್ಟರಲ್ಲಿ ಅಂಪೈರ್ ಸೀಟಿ ಊದಿದ.

ಲೋಕೇಶ ಬಂದು ಮುಂದೆ ನಿಂತ. ನಾನು ಇಷ್ಟು ಕಾಲ ಬೆರಳು ತೋರಿಸಿ ತೋರಿಸಿ ಸೋತಿದ್ದ ಜಾಗದಲ್ಲೇ ಬಂದು ನಿಂತ. ಗಾಳಿಗೆ ಕುಸಿದ ಚೆಂಡುಗಳನ್ನೆಲ್ಲ ನೆಲ ಮುಟ್ಟುವ ಮುಂಚೆ ಹೆಕ್ಕಿ ಹೆಕ್ಕಿ ಹಾಕಿದ. ಅವರ ಹುಡುಗರಿಗೆ ದಿಕ್ಕು ತೋಚಲಿಲ್ಲ. ನೋಡನೋಡುತ್ತಿದ್ದಂತೆ ಗೇಮು ನಮ್ಮದಾಯಿತು. ನನ್ನ ಸೇವಾವಧಿಯಲ್ಲಿ ಬಂದ ಒಂದೇ ಒಂದು ಕಪ್ಪು ಅದು. ಹುಡುಗರು ಲೋಕೇಶನನ್ನು ಎತ್ತಿಕೊಂಡು ಕುಣಿದರು. ನಾನು ಜನರ ಕಡೆ ನೋಡಿದಾಗ ಬೈಕು ಅಲ್ಲಿರಲಿಲ್ಲ.

ಬಸ್ಸಿನಲ್ಲಿ ಲೋಕೇಶನ ಪಕ್ಕ ಕೂತು ಕೇಳಿದೆ. "ಏನಂದ್ರೋ ಅವರು?"

"ಏನಿಲ್ಲ ಸಾರ್. ಚೆನ್ನಾಗ್ ಆಡು ಅಂದ್ರು." ಅಷ್ಟು ಹೇಳಿ ಕಿಟಕಿಯ ಕಡೆ ತಿರುಗಿಕೊಂಡ.

ಕಾರ್ಖಾನೆಯಲ್ಲಿ ಲಾಡು ಹಂಚಿದರು. ದೊಡ್ಡ ಸಾಹೇಬರ ಜೊತೆ ಫೋಟೋ ತೆಗೆಸಿದರು. ಇನ್ನು ನನ್ನನ್ನು ತೆಗೆಯುತ್ತಾರೆಂದು ಕಾದೆ. ವರ್ಷದ ಕೊನೆಗೆ ಕೃಷ್ಣಮೂರ್ತಿಯವರು ಕರೆದು, "ನೀವೇ ಮುಂದುವರೀರಿ ರುದ್ರಪ್ಪನೋರೇ, ಕೋರ್ಟು ಬೇರೆ ಯಾರು ನೋಡ್ಕೋತಾರೆ?" ಎಂದರು. ಸಂತೋಷಪಡಬೇಕಾದ ಸುದ್ದಿ. ಮನೆಯಲ್ಲಿ ಗಿರಿಜಾ ಪಾಯಸ ಮಾಡಿದಳು, ನಾನು ಸಪ್ಪೆ ಮುಖ ಹಾಕಿಕೊಂಡೇ ಉಂಡೆ. ಗೆದ್ದ ಮುನಿರಾಜುವನ್ನು ಎರಡು ಕಡೆ ತೆಗೆದರು. ಗೆದ್ದ ಮೇಲೂ ನನ್ನನ್ನು ತೆಗೆಯಬೇಕೆಂದು ಯಾರಿಗೂ ತೋಚಲಿಲ್ಲ. ತೆಗೆಯುವಷ್ಟು ದೊಡ್ಡವನಾಗಿ ನಾನು ಯಾರ ಕಣ್ಣಿಗೂ ಕಂಡಿರಲಿಲ್ಲ. ಹೊಟ್ಟೆಕಿಚ್ಚಿಗೆ ಹೊಸ ಸೌದೆ ಸಿಕ್ಕಿತು.

ಮುನಿರಾಜುವಿಗೆ ಆಮೇಲೆ ಯಾವ ಕಾರ್ಖಾನೆಯೂ ಸಿಗಲಿಲ್ಲ. ಶಿಸ್ತಿಲ್ಲದವನು ಎಂದು ಹೆಸರು ಬಿದ್ದಿತ್ತು. ಹೊಲದ ಬಹುಭಾಗ ಲೇಔಟ್ ಆಗಿತ್ತು. ಉಳಿದ ಜಾಗದಲ್ಲಿ ನೆಟ್ಟು ಕಟ್ಟಿ ಮೂಡಲಪಾಳ್ಯದ ಮಕ್ಕಳಿಗೆ ಆಡಿಸುತ್ತಾನೆ ಎಂದು ಕೇಳಿದ್ದೆ. ಒಂದು ಸಲ ಆ ಕಡೆ ಬಸ್ಸಿನಲ್ಲಿ ಹೋಗುವಾಗ ಕಣ್ಣಿಗೂ ಬಿತ್ತು. ಬಸ್ಸು ಜನರನ್ನು ಹತ್ತಿಸಿಕೊಳ್ಳಲು ನಿಂತಿತ್ತು. ಗಲಾಟೆ ಮಾಡುತ್ತಿದ್ದ ಮಕ್ಕಳ ನಡುವೆ ಅವನು ಏನೋ ಹೇಳಲು ಬಾಯಿ ತೆರೆದ. ಎಲ್ಲ ಒಟ್ಟಿಗೆ ಸುಮ್ಮನಾಗಿ ಅವನ ಮುಖ ನೋಡಿದವು. ಬಸ್ಸು ಹೊರಟಿತು. ಸಂಬಳವಿಲ್ಲದ, ಕಪ್ಪಿಲ್ಲದ ಆ ಮನುಷ್ಯನನ್ನು ನೋಡಿ ಮತ್ತೆ ಕರುಬಿದೆ. ಇಳಿದು ಮಾತಾಡಿಸಲಿಲ್ಲ.

ದಶಕ ಮುಗಿಯುತ್ತ ಬಂದಾಗ ಲೋಕೇಶನಿಗೆ ಬೇರೆ ಕಡೆ ಕೋಚ್ ಕೆಲಸ ಸಿಕ್ಕಿತು. ಆಶೀರ್ವಾದ ತೆಗೆದುಕೊಳ್ಳಲೆಂದು ಒಂದು ಭಾನುವಾರ ಬಸವೇಶ್ವರನಗರದ ನಮ್ಮ ಮನೆಗೆ ಹಣ್ಣು ಹಿಡಿದುಕೊಂಡು ಬಂದ. ಗಿರಿಜಾ ಉಪ್ಪಿಟ್ಟು ಕೊಟ್ಟಳು. ತಿನ್ನುತ್ತಾ ಅವನೇ ಮಾತು ತೆಗೆದ.

"ಸಾರ್, ಫೈನಲ್ ದಿನ ಮೇಷ್ಟ್ರು ಏನಂದ್ರು ಅಂತ ಬಸ್ಸಲ್ಲಿ ಕೇಳಿದ್ರಲ್ಲ. ಅವತ್ತು ಹೇಳಕ್ಕೆ ಒಂಥರಾ ಆಯ್ತು."

"ಈಗ ಹೇಳು."

"'ನಿಮ್ಮ ಸಾರ್ ಹೇಳ್ತಾ ಇರೋದು ಸರಿಯಾಗಿದೆ ಕಣೋ, ಅದನ್ನೇ ಮಾಡು' ಅಂದ್ರು. ಅಷ್ಟೇ ಸಾರ್."

ನಾನು ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡೆ. "ನಾವು ಸೋತಿದ್ರೆ ಅವರಿಗೆ ನನ್ನ ಕೆಲಸ ಸಿಗ್ತಿತ್ತು. ಅದು ಅವರಿಗೆ ಗೊತ್ತಿರ್ಲಿಲ್ಲ ಅನ್ಸತ್ತೆ."

"ಗೊತ್ತಿತ್ತು ಸಾರ್. ನಮ್ಮ ಫ್ಯಾಕ್ಟ್ರಿಯೋರು ಫೈನಲ್‌ಗೆ ಮುಂಚೇನೇ ಅವರ ಮನೆಗೇ ಹೋಗಿ ಮಾತಾಡ್ಕೊಂಡು ಬಂದಿದ್ರಂತೆ."

ಬೇರೆ ಯಾರಾದರೂ ಆಗಿದ್ದರೆ ಈ ಮಾತಿಗೆ ಕಣ್ಣೊದ್ದೆಯಾಗುತ್ತಿತ್ತೋ ಏನೋ. ಮುನಿರಾಜು ದೊಡ್ಡ ಮನುಷ್ಯ ಎಂದು ಒಪ್ಪುತ್ತೇನೆ, ಬರೆದೂ ಕೊಡುತ್ತೇನೆ. ಆದರೆ ಅವತ್ತು ನನ್ನನ್ನು ಸುಟ್ಟದ್ದು ಅವನ ದೊಡ್ಡತನವಲ್ಲ. ಅವನು ಹೊಸದಾಗಿ ಏನೂ ಹೇಳಿಯೇ ಇರಲಿಲ್ಲ.

"ಅಲ್ಲ ಕಣೋ ಲೋಕೇಶಾ, ಅದನ್ನೇ ನಾನೂ ಹೇಳ್ತಿದ್ದೆನಲ್ಲೋ."

"ಹೇಳ್ತಿದ್ರಿ ಸಾರ್" ಎಂದ ಲೋಕೇಶ. ಅವನ ಮನಸ್ಸಿನಲ್ಲಿ ಯಾವ ಕಲ್ಮಶವೂ ಇರಲಿಲ್ಲ. "ದಿನಾ ಹೇಳ್ತಿದ್ರಿ."

ಕಾಲು ಮುಟ್ಟಿ ನಮಸ್ಕಾರ ಮಾಡಿ ಹೊರಟ. ಹಿತ್ತಲ ಗಿಡ ಮದ್ದಲ್ಲ ಕಣ್ರೀ, ಬಿಡಿ ಎಂದು ಗಿರಿಜಾ ತಟ್ಟೆ ಎತ್ತಿಕೊಂಡು ಹೋದಳು.

ಮಾರನೆಯ ಸಂಜೆ ಕೋರ್ಟಿಗೆ ಹೋದೆ. ಲೋಕೇಶನ ಜಾಗಕ್ಕೆ ಬಂದಿದ್ದ ಹೊಸಬ ಹಿಂದೆ ಸರಿದು ನಿಂತಿದ್ದ. ಮುಂದೆ ನಿಲ್ಲೋ ಎಂದು ಕೂಗಿದೆ. ಹೂಂ ಸಾರ್ ಎಂದ. ನಿಂತ ಜಾಗದಿಂದ ಕದಲಲಿಲ್ಲ.

ಆಮೇಲೂ ನಾನು ಆ ಕೆಲಸದಲ್ಲಿ ಬಹಳ ವರ್ಷ ಇದ್ದೆ.